ವಿಶೆಗ್ರಾದ್: ದ್ರೀನಾ ತೀರದ ಪಟ್ಟಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುಗೊಸ್ಲಾವಿಯಾ ಒಡೆದಾಗ 1992ರಿಂದ 1995ರವರೆಗೆ ನಡೆದ ಬೋಸ್ನಿಯಾ ಯುದ್ಧದ ಮಾತು ಬಂದಾಗ ಸರಾಯೆವೊ ಮತ್ತು ಸ್ರೆಬ್ರೆನಿತ್ಸಾ ಎಂಬ ಎರಡು ಹೆಸರುಗಳು ನಮ್ಮ ಓದುಗರಿಗೆ ನೆನಪಾಗುತ್ತವೆ. ವಿಶೆಗ್ರಾದ್ ಎಂದರೆ ಸಾಹಿತ್ಯ ಓದಿದವರಿಗೆ ಒಂದು ಸೇತುವೆ ಹೊಳೆಯುತ್ತದೆ, ಉಳಿದವರಿಗೆ ಏನೂ ಇಲ್ಲ. ಈ ಊರಿನ ಚರಿತ್ರೆ, ಜನ ಮತ್ತು ಜೀವನೋಪಾಯದ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಕೆಲವು ಉತ್ತರಗಳು ಓದಲು ಕಷ್ಟವಾಗುತ್ತವೆ. ಅವುಗಳನ್ನು ಬಿಟ್ಟರೆ ಉಳಿದ ಉತ್ತರಗಳು ಅರ್ಥವಾಗುವುದಿಲ್ಲ.

ವಿಶೆಗ್ರಾದ್ ಎಲ್ಲಿದೆ? ಎಷ್ಟು ದೊಡ್ಡ ಊರು?

ಪೂರ್ವ ಬೋಸ್ನಿಯಾದಲ್ಲಿ, ಸರ್ಬಿಯಾ ಗಡಿಗೆ ಅಂಟಿಕೊಂಡಂತೆ ಇದೆ. ರ್ಜಾವ್ ಎಂಬ ಸಣ್ಣ ನದಿ ದ್ರೀನಾ ನದಿಯನ್ನು ಕೂಡುವ ಜಾಗದಲ್ಲಿ, ಕಡಿದಾದ ಬೆಟ್ಟಗಳ ನಡುವೆ ಊರು ಬೆಳೆದಿದೆ. ಸರಾಯೆವೊದಿಂದ ರಸ್ತೆಯಲ್ಲಿ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರ. 2013ರ ಜನಗಣತಿಯ ಪ್ರಕಾರ ಸುತ್ತಲಿನ ಹಳ್ಳಿಗಳೂ ಸೇರಿ ಇಡೀ ಪುರಸಭಾ ವ್ಯಾಪ್ತಿಯಲ್ಲಿ ಇದ್ದವರು 10,668 ಜನ. 1991ರಲ್ಲಿ ಈ ಸಂಖ್ಯೆ 21,199 ಇತ್ತು. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಊರಿನ ಬಗ್ಗೆ ಮುಂದೆ ಬರುವ ಎಲ್ಲ ಪ್ರಶ್ನೆಗಳ ಉತ್ತರವೂ ಇವುಗಳ ನಡುವಿನ ಅಂತರದಲ್ಲೇ ಎಲ್ಲೋ ಇದೆ.

ಪ್ರಸಿದ್ಧವಾದ ಆ ಸೇತುವೆಯನ್ನು ಕಟ್ಟಿಸಿದವರು ಯಾರು?

ಮೆಹ್ಮದ್ ಪಾಶಾ ಸೊಕೊಲೊವಿಚ್. ವಿಶೆಗ್ರಾದ್‌ಗೆ ಹತ್ತಿರದ ರೂದೊ ಬಳಿಯ ಹಳ್ಳಿಯೊಂದರ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನು. ಒಟ್ಟೊಮನ್ ಸಾಮ್ರಾಜ್ಯ ತನ್ನ ಕ್ರೈಸ್ತ ಪ್ರಜೆಗಳಿಂದ ಬಾಲಕರನ್ನು ಕಂದಾಯದಂತೆ ವಸೂಲು ಮಾಡಿ, ಮತಾಂತರಿಸಿ, ಸೈನ್ಯಕ್ಕೂ ಅರಮನೆಗೂ ತರಬೇತಿ ಕೊಡುತ್ತಿತ್ತು. ಹಾಗೆ ಊರು ಬಿಟ್ಟ ಹುಡುಗ 1565ರಲ್ಲಿ ಸಾಮ್ರಾಜ್ಯದ ಪ್ರಧಾನ ವಜೀರನಾದ. ಮೂವರು ಸುಲ್ತಾನರ ಕೆಳಗೆ ಆ ಪದವಿಯಲ್ಲಿದ್ದು 1579ರಲ್ಲಿ ಕೊಲೆಯಾದ.

ತನ್ನ ಸೀಮೆಯ ಜನ ದ್ರೀನಾ ದಾಟಲೆಂದು ಅವನು ಕಟ್ಟಿಸಿದ ಸೇತುವೆ ಇದು. ಶಿಲ್ಪಿ ಸಾಮ್ರಾಜ್ಯದ ಮುಖ್ಯ ವಾಸ್ತುಕಾರ ಮಿಮಾರ್ ಸಿನಾನ್. ಕೆಲಸ ನಡೆದದ್ದು 1571ರಿಂದ 1577ರವರೆಗೆ. ಉದ್ದ 179.5 ಮೀಟರ್, ಕಮಾನುಗಳು ಹನ್ನೊಂದು. ಸೇತುವೆಯ ನಡುಭಾಗ ಎರಡೂ ಕಡೆಗೆ ಅಗಲವಾಗಿ ಚಾಚಿಕೊಂಡಿದೆ. ಅಲ್ಲಿರುವ ಕಲ್ಲಿನ ಆಸನದ ಮೇಲೆ ಊರಿನವರು ಶತಮಾನಗಳಿಂದ ಕುಳಿತು ಕಾಫಿ ಕುಡಿದಿದ್ದಾರೆ, ವ್ಯಾಪಾರ ಕುದುರಿಸಿದ್ದಾರೆ, ಹರಟಿದ್ದಾರೆ. 1896ರ ಮಹಾಪ್ರವಾಹದಲ್ಲಿ ನೀರು ಸೇತುವೆಯ ಮೇಲೆಯೇ ಹರಿಯಿತು, ಕಲ್ಲು ಅಲುಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮೂರು ಕಮಾನುಗಳು ನಾಶವಾದವು, ಎರಡನೆಯದರಲ್ಲಿ ಐದಕ್ಕೆ ಹಾನಿಯಾಯಿತು. ಎರಡು ಸಲವೂ ದುರಸ್ತಿ ನಡೆಯಿತು. 2007ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ನಂತರ ಟರ್ಕಿ ಸರ್ಕಾರದ ನೆರವಿನಿಂದ ದೊಡ್ಡ ಜೀರ್ಣೋದ್ಧಾರ ಆಯಿತು. ಈಗ ಸೇತುವೆಯ ಮೇಲೆ ವಾಹನಗಳಿಗೆ ಪ್ರವೇಶವಿಲ್ಲ, ನಡೆದೇ ಹೋಗಬೇಕು.

ನೊಬೆಲ್ ಪಡೆದ ಇವೊ ಆಂದ್ರಿಚ್ ಈ ಊರಿನವರೇ?

ಬೆಳೆದದ್ದು ಇಲ್ಲಿ. ಹುಟ್ಟಿದ್ದು 1892ರಲ್ಲಿ ಟ್ರಾವ್ನಿಕ್ ಬಳಿ. ತಂದೆ ತೀರಿಕೊಂಡ ಮೇಲೆ ತಾಯಿ ಮಗುವನ್ನು ವಿಶೆಗ್ರಾದ್‌ನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಸೇತುವೆಯನ್ನೇ ನಾಯಕನಾಗಿಸಿ ಅವರು ಬರೆದ ಕಾದಂಬರಿ 1945ರಲ್ಲಿ ಬಂತು, ನೊಬೆಲ್ ಪ್ರಶಸ್ತಿ 1961ರಲ್ಲಿ. ಅವರನ್ನು ತಮ್ಮವರೆಂದು ಸರ್ಬರೂ ಹೇಳುತ್ತಾರೆ, ಕ್ರೊಯೇಷಿಯಾದವರೂ ಹೇಳುತ್ತಾರೆ. ಬೋಸ್ನಿಯಾದ ಮುಸ್ಲಿಮರಲ್ಲಿ ಹಲವರಿಗೆ ಅವರ ಬರವಣಿಗೆಯ ಬಗ್ಗೆ ತಕರಾರಿದೆ. ಒಬ್ಬ ಲೇಖಕ ಇಷ್ಟು ಜನರ ಜಗಳಕ್ಕೆ ಗುರಿಯಾಗುವುದು ಆ ನೆಲದ ಸಂಕಟವನ್ನು ತೋರಿಸುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಕಾದಂಬರಿ ಓದಿ ಊರನ್ನು ಅರ್ಥ ಮಾಡಿಕೊಂಡೆವು ಎನ್ನುವವರಿಗೆ ಒಂದು ಮಾತು: ಅದರ ಕಥೆ 1914ಕ್ಕೆ ಮುಗಿಯುತ್ತದೆ.

1992ಕ್ಕೆ ಮೊದಲು ಇಲ್ಲಿನ ಜನ ಯಾರು? ಏನು ಮಾಡಿಕೊಂಡಿದ್ದರು?

1991ರಲ್ಲಿ ಶೇಕಡಾ 63ರಷ್ಟು ಜನ ಮುಸ್ಲಿಮರು, ಅಂದರೆ ಈಗ ಬೋಸ್ನಿಯಾಕ್ ಎಂದು ಕರೆಸಿಕೊಳ್ಳುವವರು. ಸುಮಾರು ಮೂರನೆಯ ಒಂದು ಪಾಲು ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು. ಆಡುವ ಭಾಷೆ ಒಂದೇ. ಒಂದೇ ಕಾರ್ಖಾನೆಯಲ್ಲಿ ದುಡಿದು, ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೂರ್ವ ಬೋಸ್ನಿಯಾದಲ್ಲಿ ಕ್ರೊಯೇಷಿಯಾದ ಫ್ಯಾಸಿಸ್ಟ್ ಉಸ್ತಾಶಾ ಪಡೆಗಳು ಸರ್ಬರನ್ನೂ ಸರ್ಬ್ ರಾಷ್ಟ್ರವಾದಿಗಳ ಚೆಟ್ನಿಕ್ ಪಡೆಗಳು ಮುಸ್ಲಿಮರನ್ನೂ ಕೊಂದ ನೆನಪು ಎಲ್ಲ ಮನೆಗಳಲ್ಲೂ ಇತ್ತು. ಆದರೆ ಯುದ್ಧಾನಂತರ ಯುಗೊಸ್ಲಾವಿಯಾವನ್ನು ಆಳಿದ ಟಿಟೊ ಕಾಲದಲ್ಲಿ ಅದನ್ನು ಬಹಿರಂಗವಾಗಿ ಮಾತನಾಡುವ ರೂಢಿ ಇರಲಿಲ್ಲ.

ಸುತ್ತ ದಟ್ಟ ಕಾಡಿರುವುದರಿಂದ ಮರವೇ ಊರಿನ ಮೊದಲ ಆಸ್ತಿ. ವಾರ್ದಾ ಎಂಬ ಮರ ಕೊಯ್ಯುವ ಹಾಗೂ ಪೀಠೋಪಕರಣ ತಯಾರಿಸುವ ಕಾರ್ಖಾನೆ ಇಲ್ಲಿನ ದೊಡ್ಡ ಉದ್ಯೋಗದಾತರಲ್ಲಿ ಒಂದು. 1906ರಲ್ಲಿ ಸರಾಯೆವೊದಿಂದ ಕಿರುಹಳಿ ರೈಲು ಬಂದಿತ್ತು, 1925ರಲ್ಲಿ ಅದು ಶಾರ್ಗಾನ್ ಬೆಟ್ಟ ದಾಟಿ ಸರ್ಬಿಯಾದ ಹಳಿಗಳಿಗೆ ಕೂಡಿಕೊಂಡಿತು. 1974ರಲ್ಲಿ ಆ ಮಾರ್ಗ ಮುಚ್ಚಿದಾಗ ಊರಿಗೆ ದೊಡ್ಡ ಪೆಟ್ಟು ಬಿತ್ತು. ನಂತರ ಊರಿನ ಮೇಲ್ಭಾಗದಲ್ಲಿ ದ್ರೀನಾಗೆ ಅಣೆಕಟ್ಟು ಎದ್ದಿತು. 315 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರ 1989ರಲ್ಲಿ ಸಿದ್ಧವಾಯಿತು. ಮೂರೇ ವರ್ಷಗಳಲ್ಲಿ ಯುದ್ಧ ಬಂತು.

1992ರಲ್ಲಿ ನಿಜವಾಗಿ ಏನಾಯಿತು?

ಏಪ್ರಿಲ್ ಮೊದಲಲ್ಲಿ ಊರಿನಲ್ಲಿ ಗುಂಡಿನ ಸದ್ದು ಶುರುವಾಯಿತು. ಒಬ್ಬ ಮುಸ್ಲಿಂ ವ್ಯಕ್ತಿ ಕೆಲವರೊಡನೆ ಅಣೆಕಟ್ಟನ್ನು ವಶಪಡಿಸಿಕೊಂಡು ಸ್ಫೋಟಿಸುವುದಾಗಿ ಬೆದರಿಸಿದ. ಸ್ವಲ್ಪ ನೀರನ್ನು ಬಿಟ್ಟದ್ದರಿಂದ ಕೆಳಗಿನ ಮನೆಗಳಿಗೆ ಹಾನಿಯೂ ಆಯಿತು. ಯುಗೊಸ್ಲಾವ್ ಸೇನೆಯ ಊಝಿತ್ಸೆ ದಳ ಅಣೆಕಟ್ಟನ್ನೂ ಊರನ್ನೂ ಹತೋಟಿಗೆ ತೆಗೆದುಕೊಂಡಿತು. ಓಡಿಹೋಗಿದ್ದ ಜನರಿಗೆ ವಾಪಸ್ ಬನ್ನಿ, ಕೆಲಸಕ್ಕೆ ಹಾಜರಾಗಿ ಎಂದು ಕರೆ ಕೊಡಲಾಯಿತು. ಸೇನೆ ಇದೆ ಎಂಬ ಧೈರ್ಯದಿಂದ ಸಾವಿರಾರು ಮುಸ್ಲಿಮರು ಮನೆಗೆ ಮರಳಿದರು. ಮೇ 19ರಂದು ಆ ಸೇನೆ ಊರು ಬಿಟ್ಟಿತು. ಮರಳಿ ಬಂದವರನ್ನು ಕಾಯುವವರು ಯಾರೂ ಉಳಿಯಲಿಲ್ಲ.

ಮುಂದಿನ ವಾರಗಳಲ್ಲಿ ನಡೆದದ್ದು, ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆ ಹೇಗ್‌ನಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪುಗಳಲ್ಲಿ ದಾಖಲಾಗಿದೆ. ಸ್ಥಳೀಯ ಸರ್ಬ್ ಅರೆಸೈನಿಕ ಗುಂಪುಗಳು, ಅವುಗಳಲ್ಲಿ ಮುಖ್ಯವಾಗಿ ಮಿಲಾನ್ ಲೂಕಿಚ್ ನಾಯಕತ್ವದ ಗುಂಪು, ಗಂಡಸರನ್ನು ನದಿ ದಂಡೆಗೆ ಒಯ್ದು ಗುಂಡಿಕ್ಕಿದವು. ಜೂನ್ 10ರಂದು ವಾರ್ದಾ ಕಾರ್ಖಾನೆಯಿಂದ ಏಳು ಕಾರ್ಮಿಕರನ್ನು ಎಳೆದು ತಂದು ದ್ರೀನಾ ತಡಿಯಲ್ಲಿ ಕೊಂದರು. ಜೂನ್ 14ರಂದು ಪಿಯೊನಿರ್ಸ್ಕಾ ಬೀದಿಯ ಮನೆಯಲ್ಲಿ, ಜೂನ್ 27ರಂದು ಬಿಕಾವಾತ್ಸ್ ಬಡಾವಣೆಯ ಮನೆಯಲ್ಲಿ, ಹೆಂಗಸರು, ಮಕ್ಕಳು, ಮುದುಕರನ್ನು ಕೂಡಿಹಾಕಿ ಬೆಂಕಿ ಇಟ್ಟರು. ಎರಡೂ ಮನೆಗಳಲ್ಲಿ ಸೇರಿ ನೂರಕ್ಕೂ ಹೆಚ್ಚು ಜನ ಬೆಂದುಹೋದರು. ಕಿಟಕಿಯಿಂದ ತಪ್ಪಿಸಿಕೊಳ್ಳಲು ಯತ್ನಿಸಿದವರ ಮೇಲೆ ಗುಂಡು ಹಾರಿಸಿದರು. ಊರ ಹೊರಗಿನ ವಿಲಿನಾ ವ್ಲಾಸ್ ಎಂಬ ಬಿಸಿನೀರ ಚಿಕಿತ್ಸಾ ಹೋಟೆಲಿನಲ್ಲಿ ಹೆಣ್ಣುಮಕ್ಕಳನ್ನು ಬಂಧಿಸಿಟ್ಟು ಅತ್ಯಾಚಾರ ನಡೆಸಿದರು. ಪಟ್ಟಣದ ಎರಡು ಮಸೀದಿಗಳನ್ನು ನೆಲಸಮ ಮಾಡಿದರು.

ಸೇತುವೆಯೇ ವಧಾಸ್ಥಾನವಾಯಿತು. ಅಲ್ಲಿ ಕೊಂದವರನ್ನು ನೀರಿಗೆ ತಳ್ಳಿದರು. ಕೆಳಗೆ, ಝೆಪಾ ನದಿ ದ್ರೀನಾ ಸೇರುವ ಸ್ಲಾಪ್ ಎಂಬ ಹಳ್ಳಿಯ ಜನ ತೇಲಿಬಂದ ಶವಗಳನ್ನು ಎತ್ತಿ ಹೂಳಿದರು. ಜೀವಕ್ಕೆ ಅಪಾಯವಿದ್ದರೂ ಅವರು ಮಾಡಿದ ಈ ಕೆಲಸದಿಂದಾಗಿಯೇ ಎಷ್ಟೋ ಕುಟುಂಬಗಳಿಗೆ ಮುಂದೆ ತಮ್ಮವರ ಮೂಳೆಗಳಾದರೂ ಸಿಕ್ಕವು. ಆ ಹಳ್ಳಿಗರ ಬಗ್ಗೆ ನನಗೆ ಇರುವ ಗೌರವವನ್ನು ಹೇಳಲು ಮಾತು ಸಾಲದು. ಒಟ್ಟು ಪುರಸಭಾ ವ್ಯಾಪ್ತಿಯಲ್ಲಿ ಸತ್ತವರು ಮತ್ತು ಕಾಣೆಯಾದವರು ಒಂದೂವರೆ ಸಾವಿರಕ್ಕೂ ಹೆಚ್ಚು. ಬದುಕುಳಿದ ಮುಸ್ಲಿಮರೆಲ್ಲ ಊರು ಬಿಟ್ಟರು. ಜನಾಂಗೀಯ ರಚನೆ ಅತಿ ಹೆಚ್ಚು ಬದಲಾದ ಊರುಗಳಲ್ಲಿ ಸ್ರೆಬ್ರೆನಿತ್ಸಾದ ನಂತರ ಬರುವುದೇ ವಿಶೆಗ್ರಾದ್ ಎಂದು ನ್ಯಾಯಮಂಡಳಿ ಗುರುತಿಸಿತು.

ಯುದ್ಧವೆಂದ ಮೇಲೆ ಎರಡೂ ಕಡೆಯಿಂದ ತಪ್ಪು ನಡೆದಿರುತ್ತದೆ, ಅಲ್ಲವೇ?

ಬೋಸ್ನಿಯಾದಲ್ಲಿ ಸರ್ಬ್ ನಾಗರಿಕರೂ ಕೊಲೆಯಾದರು. ಅವರ ತಾಯಂದಿರ ದುಃಖ ಯಾರ ದುಃಖಕ್ಕಿಂತಲೂ ಕಡಿಮೆಯಲ್ಲ. ಆದರೆ ವಿಶೆಗ್ರಾದ್‌ನಲ್ಲಿ ನಡೆದದ್ದು ಎರಡು ಸೈನ್ಯಗಳ ಕಾದಾಟದಲ್ಲಿ ಸಿಕ್ಕಿಕೊಂಡ ಜನರ ಸಾವಲ್ಲ. ಆಯುಧವಿಲ್ಲದ, ತಮ್ಮ ಮನೆಯಲ್ಲಿ ಕುಳಿತಿದ್ದ ಬಹುಸಂಖ್ಯಾತರನ್ನು ಅವರ ಹೆಸರು ನೋಡಿ ತೆಗೆದುಹಾಕಿದ್ದು. ಎರಡೂ ಕಡೆ ಎಂಬ ಮಾತು ಈ ವ್ಯತ್ಯಾಸವನ್ನು ಅಳಿಸುತ್ತದೆ. ಆದ್ದರಿಂದ ನಾನು ಅದನ್ನು ಬಳಸುವುದಿಲ್ಲ.

ಸರ್ಬರಲ್ಲೂ ನೆರೆಯವರನ್ನು ಎಚ್ಚರಿಸಿದವರು, ಅಡಗಿಸಿದವರು ಇದ್ದರು. ಅವರನ್ನು ಮರೆತು ಇಡೀ ಜನಾಂಗವನ್ನು ದೂರುವುದೂ ಅನ್ಯಾಯವೇ.

ಅಪರಾಧಿಗಳಿಗೆ ಶಿಕ್ಷೆಯಾಯಿತೇ?

ಕೆಲವರಿಗೆ. ಮಿಲಾನ್ ಲೂಕಿಚ್‌ಗೆ 2009ರಲ್ಲಿ ಹೇಗ್‌ನ ನ್ಯಾಯಮಂಡಳಿ ಜೀವಾವಧಿ ಶಿಕ್ಷೆ ವಿಧಿಸಿತು, 2012ರ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಅದು ಉಳಿಯಿತು. ಅವನ ಸಂಬಂಧಿ ಸ್ರೆದೊಯೆ ಲೂಕಿಚ್‌ಗೆ 30 ವರ್ಷ ವಿಧಿಸಿ ನಂತರ 27ಕ್ಕೆ ಇಳಿಸಲಾಯಿತು. ಮಿತಾರ್ ವಾಸಿಲ್ಯೆವಿಚ್‌ಗೆ ಮೇಲ್ಮನವಿಯ ನಂತರ 15 ವರ್ಷ. ಸರಾಯೆವೊದ ನ್ಯಾಯಾಲಯವೂ ಇನ್ನು ಕೆಲವರನ್ನು ಶಿಕ್ಷಿಸಿದೆ.

ಹೆಣ್ಣುಮಕ್ಕಳಿಗೆ ಮಾತ್ರ ಹೇಗ್‌ನಲ್ಲಿ ನ್ಯಾಯ ಸಿಗಲಿಲ್ಲ. ಲೂಕಿಚ್ ಮೇಲಿನ ಆರೋಪಪಟ್ಟಿಯಲ್ಲಿ ಲೈಂಗಿಕ ಹಿಂಸೆಯ ಆರೋಪವೇ ಇರಲಿಲ್ಲ. ವಿಚಾರಣೆ ಶುರುವಾಗುವ ಹೊತ್ತಿಗೆ ಅದನ್ನು ಸೇರಿಸಲು ಅಭಿಯೋಜಕರು ಕೇಳಿದರು, ತಡವಾಯಿತೆಂದು ನ್ಯಾಯಾಧೀಶರು ಒಪ್ಪಲಿಲ್ಲ. ಸಾಕ್ಷಿ ಹೇಳಲು ವರ್ಷಗಟ್ಟಲೆ ಧೈರ್ಯ ಕೂಡಿಸಿಕೊಂಡಿದ್ದ ಹೆಂಗಸರಿಗೆ ಕೊಟ್ಟ ಉತ್ತರ ಅದು. ಬದುಕುಳಿದವರಲ್ಲಿ ಒಬ್ಬರಾದ ಬಾಕಿರಾ ಹಾಸೆಚಿಚ್, ಯುದ್ಧದ ಸಂತ್ರಸ್ತ ಮಹಿಳೆಯರ ಸಂಘಟನೆ ಕಟ್ಟಿ ಸಾಕ್ಷ್ಯ ಸಂಗ್ರಹಿಸಿದ್ದರಿಂದಲೇ ಹಲವು ಮೊಕದ್ದಮೆಗಳು ಮುಂದೆ ಸಾಗಿದವು.

ವಿಶ್ವಸಂಸ್ಥೆಯ ಪಡೆ ಇರಲಿಲ್ಲವೇ? ಅದರ ಮುಖ್ಯಸ್ಥರು ಭಾರತೀಯರು ಎಂದು ಕೇಳಿದ್ದೇವೆ.

ಹೌದು. ಯುಗೊಸ್ಲಾವಿಯಾದಲ್ಲಿ ನೆಲೆಗೊಂಡ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. 1992ರಿಂದ 1993ರವರೆಗೆ ಆ ಹೊಣೆ ಹೊತ್ತಿದ್ದರು. ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿ ದಳದಿಂದ ಬಂದವರು. ಆದರೆ ಆ ಪಡೆಯನ್ನು ಕಳುಹಿಸಿದ್ದು ಕ್ರೊಯೇಷಿಯಾದ ಕದನವಿರಾಮ ಕಾಯಲು. 1992ರ ಜೂನ್‌ನಲ್ಲಿ ಬೋಸ್ನಿಯಾದ ಮಟ್ಟಿಗೆ ಅದಕ್ಕೆ ಸಿಕ್ಕ ಕೆಲಸ ಸರಾಯೆವೊ ವಿಮಾನ ನಿಲ್ದಾಣದ ಸುತ್ತ ಸೀಮಿತವಾಗಿತ್ತು. ವಿಶೆಗ್ರಾದ್ ಉರಿಯುತ್ತಿದ್ದಾಗ ಅಲ್ಲಿ ನೀಲಿ ಶಿರಸ್ತ್ರಾಣದವರು ಯಾರೂ ಇರಲಿಲ್ಲ.

ಓಡಿಹೋದವರು ಮರಳಿ ಬಂದರೇ?

1995ರ ಡೇಟನ್ ಒಪ್ಪಂದ ಬೋಸ್ನಿಯಾವನ್ನು ಎರಡು ಘಟಕಗಳಾಗಿ ಹಂಚಿತು. ವಿಶೆಗ್ರಾದ್ ಸರ್ಬ್ ಆಡಳಿತದ ರಿಪಬ್ಲಿಕಾ ಸರ್ಪ್ಸ್ಕಾ ಭಾಗಕ್ಕೆ ಹೋಯಿತು. ಅದೇ ಒಪ್ಪಂದದ ಏಳನೆಯ ಅನುಬಂಧ ಪ್ರತಿಯೊಬ್ಬ ನಿರಾಶ್ರಿತನಿಗೂ ತನ್ನ ಮನೆಗೆ ಮರಳುವ ಹಕ್ಕನ್ನು ಕೊಟ್ಟಿತು. ಒಂದೇ ಕಾಗದದ ಮೇಲಿದ್ದ ಈ ಎರಡು ಮಾತುಗಳು ಒಂದಕ್ಕೊಂದು ಹೊಂದಲಿಲ್ಲ.

ಮನೆಗಳ ಮಾಲೀಕತ್ವವೇನೋ ಮರಳಿ ಸಿಕ್ಕಿತು. ಅಂತರರಾಷ್ಟ್ರೀಯ ಒತ್ತಡದಿಂದ ಬಂದ ಆಸ್ತಿ ಕಾನೂನುಗಳಿಂದಾಗಿ 2000ದ ದಶಕದ ನಡುವಿನ ಹೊತ್ತಿಗೆ ದೇಶದ ಬಹುಪಾಲು ಅರ್ಜಿಗಳು ಇತ್ಯರ್ಥವಾದವು. ಆದರೆ ಮನೆಯ ಕೀಲಿ ಸಿಕ್ಕಿದರೆ ಕೆಲಸ ಸಿಗುವುದಿಲ್ಲ. ನೋಂದಣಿ ಕಚೇರಿಯಲ್ಲೋ ಠಾಣೆಯಲ್ಲೋ ಕುಳಿತವನು 1992ರಲ್ಲಿ ಎಲ್ಲಿದ್ದ ಎಂಬ ಪ್ರಶ್ನೆ ಮನಸ್ಸಿನಿಂದ ಹೋಗುವುದಿಲ್ಲ. ಹೆಚ್ಚಿನವರು ಮನೆಯನ್ನು ಮಾರಿದರು, ಅಥವಾ ಬೇಸಿಗೆ ರಜೆಗೆ ಬರುವ ತಾಣವಾಗಿ ಇಟ್ಟುಕೊಂಡರು. ಮರಳಿ ನೆಲೆಸಿದವರಲ್ಲಿ ವಯಸ್ಸಾದವರೇ ಹೆಚ್ಚು, ಅದೂ ಸುತ್ತಲಿನ ಹಳ್ಳಿಗಳಲ್ಲಿ. ಮಕ್ಕಳು ಸರಾಯೆವೊ, ಆಸ್ಟ್ರಿಯಾ, ಸ್ವೀಡನ್, ಅಮೆರಿಕಗಳಲ್ಲಿ ಬೇರುಬಿಟ್ಟಿದ್ದಾರೆ. 2013ರ ಎಣಿಕೆಯಲ್ಲಿ ಬೋಸ್ನಿಯಾಕರು ಸಾವಿರಕ್ಕೆ ತುಸು ಹೆಚ್ಚು, ಶೇಕಡಾ ಹತ್ತರಷ್ಟು.

ಹಾಗಾದರೆ ಈಗ ಊರಿನಲ್ಲಿರುವವರು ಯಾರು?

ಶೇಕಡಾ 87ಕ್ಕೂ ಹೆಚ್ಚು ಸರ್ಬರು. ಅವರೆಲ್ಲ ಇಲ್ಲಿನ ಹಳಬರಲ್ಲ. ಯುದ್ಧದ ಕಾಲದಲ್ಲೂ 1996ರಲ್ಲೂ ಸರಾಯೆವೊದ ಹೊರವಲಯ ಮತ್ತು ಇತರ ಕಡೆಗಳಿಂದ ಮನೆಮಠ ಬಿಟ್ಟು ಬಂದ ಸರ್ಬ್ ಕುಟುಂಬಗಳು ಇಲ್ಲಿ ನೆಲೆಸಿದವು. ಅವರೂ ನಿರಾಶ್ರಿತರೇ. ಆದರೂ ಊರಿನ ಜನಸಂಖ್ಯೆ ಯುದ್ಧಪೂರ್ವದ ಅರ್ಧಕ್ಕೆ ಬಂದು ನಿಂತಿದೆ, ಇಳಿಯುತ್ತಲೂ ಇದೆ. ಈಗ ಹೋಗುತ್ತಿರುವವರು ಸರ್ಬ್ ತರುಣರು. ಬೆಲ್‌ಗ್ರೇಡ್, ಸ್ಲೊವೇನಿಯಾ, ಆಸ್ಟ್ರಿಯಾ, ಜರ್ಮನಿ. 2016ರಿಂದ ಪಶ್ಚಿಮ ಬಾಲ್ಕನ್ ದೇಶಗಳವರಿಗೆ ಜರ್ಮನಿ ಕೆಲಸದ ವೀಸಾ ಸುಲಭ ಮಾಡಿದ ಮೇಲೆ ದೇಶದುದ್ದಕ್ಕೂ ಈ ವಲಸೆ ಜೋರಾಗಿದೆ. ಊರನ್ನು ಒಂದೇ ಜನಾಂಗದ್ದನ್ನಾಗಿ ಮಾಡಿದವರು ತಮ್ಮ ಮಕ್ಕಳಿಗೆ ಬಾಳಲು ಜಾಗ ಮಾಡಿಕೊಡುತ್ತೇವೆ ಎಂದಿದ್ದರು. ಆ ಮಕ್ಕಳು ಅಲ್ಲಿ ನಿಲ್ಲುತ್ತಿಲ್ಲ.

ಊರಿನ ಹೊಟ್ಟೆಪಾಡು ಯಾವುದರ ಮೇಲೆ ನಡೆಯುತ್ತದೆ?

ಮೊದಲನೆಯದು ವಿದ್ಯುತ್, ಎರಡನೆಯದು ಮರ, ಮೂರನೆಯದು ಪ್ರವಾಸಿಗಳು. ಇವುಗಳ ಜೊತೆಗೆ ಶಾಲೆ, ಆಸ್ಪತ್ರೆ, ಪುರಸಭೆ, ಪೊಲೀಸ್ ಠಾಣೆಗಳ ಸರ್ಕಾರಿ ಸಂಬಳ ಮತ್ತು ಪಿಂಚಣಿ. ಹೊರದೇಶದಿಂದ ಮಕ್ಕಳು ಕಳುಹಿಸುವ ಹಣ ಎಷ್ಟೋ ಮನೆಗಳ ಒಲೆ ಉರಿಸುತ್ತದೆ.

ಹಳೆಯ ಕಾರ್ಖಾನೆಗಳ ಕಥೆ ಬೋಸ್ನಿಯಾದ ಉಳಿದ ಸಣ್ಣ ಊರುಗಳ ಕಥೆಯೇ. ಯುಗೊಸ್ಲಾವಿಯಾದ ಕಾಲದಲ್ಲಿ ಕಾರ್ಖಾನೆ ಎಂದರೆ ಸಂಬಳದ ಜೊತೆಗೆ ವಸತಿ, ಬೇಸಿಗೆ ರಜೆಗೆ ಸಮುದ್ರತೀರ, ಕ್ರೀಡಾ ತಂಡ ಎಲ್ಲವೂ ಆಗಿತ್ತು. ಯುದ್ಧದಲ್ಲಿ ಮಾರುಕಟ್ಟೆ ಹೋಯಿತು, ನುರಿತ ಕೈಗಳು ಹೋದವು. ನಂತರ ಜನರಿಗೆ ಹಂಚಿದ ವೋಚರುಗಳ ಮೂಲಕ ಖಾಸಗೀಕರಣ ನಡೆಯಿತು. ಜನ ಅವುಗಳನ್ನು ಪುಡಿಗಾಸಿಗೆ ಮಾರಿಕೊಂಡರು, ಕೊಂಡ ಹಲವರಿಗೆ ಬೇಕಿದ್ದದ್ದು ಜಾಗ ಮತ್ತು ಯಂತ್ರ, ಉತ್ಪಾದನೆಯಲ್ಲ.

ಆದರೆ ವಿಶೆಗ್ರಾದ್‌ನ ವಿಷಯದಲ್ಲಿ ಅರ್ಥಶಾಸ್ತ್ರದ ಈ ವಿವರಣೆ ಸಾಕಾಗುವುದಿಲ್ಲ. ವಾರ್ದಾದಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಕೆಲವರನ್ನು ಕಾರ್ಖಾನೆಯಿಂದಲೇ ಎಳೆದೊಯ್ದು ಕೊಂದರು. ಶಿಕ್ಷಕ, ವೈದ್ಯ, ಬಡಗಿ, ಲೆಕ್ಕಿಗ, ಅಂಗಡಿಯವ, ಹೀಗೆ ಊರಿನ ಮೂವರಲ್ಲಿ ಇಬ್ಬರನ್ನು ತೆಗೆದುಹಾಕಿದ ಮೇಲೆ ಯಾವ ಆರ್ಥಿಕತೆ ತಾನೆ ನಿಲ್ಲುತ್ತದೆ? ಹೂಡಿಕೆ ಬರುತ್ತಿಲ್ಲ, ಕುಶಲ ಕಾರ್ಮಿಕರಿಲ್ಲ ಎಂದು ವರದಿ ಬರೆಯುವವರು ಈ ಸಾಲನ್ನು ಮೊದಲ ಪುಟದಲ್ಲೇ ಬರೆಯಬೇಕು.

ಜಲವಿದ್ಯುತ್ ಕೇಂದ್ರದ ಲಾಭ ಊರಿಗೆ ಬರುತ್ತದೆಯೇ?

ಒಂದು ಪಾಲು ಬರುತ್ತದೆ. ವರ್ಷಕ್ಕೆ ಸುಮಾರು 1,000 ಗಿಗಾವ್ಯಾಟ್ ಅವರ್ ಉತ್ಪಾದಿಸುವ ಈ ಕೇಂದ್ರ, ಟ್ರೆಬಿನ್ಯೆಯಲ್ಲಿ ಮುಖ್ಯ ಕಚೇರಿ ಇರುವ ರಿಪಬ್ಲಿಕಾ ಸರ್ಪ್ಸ್ಕಾದ ವಿದ್ಯುತ್ ಕಂಪನಿಗೆ ಸೇರಿದ್ದು. ನೀರನ್ನು ಬಳಸಿದ್ದಕ್ಕೆ ಪುರಸಭೆಗೆ ಕಾನೂನಿನ ಪ್ರಕಾರ ಶುಲ್ಕ ಸಲ್ಲುತ್ತದೆ. ಪುರಸಭೆಯ ಬಜೆಟ್‌ಗೆ ಇದು ದೊಡ್ಡ ಆಧಾರ. ಒಳ್ಳೆಯ ಸಂಬಳದ, ಭದ್ರವಾದ ಕೆಲಸ ಎಂದರೆ ಊರಿನಲ್ಲಿ ಮೊದಲು ನೆನಪಾಗುವುದೂ ಅದೇ. ಆದರೆ ಅಣೆಕಟ್ಟು ಕಟ್ಟುವಾಗ ಬೇಕಾದಷ್ಟು ಜನ ಅದನ್ನು ನಡೆಸಲು ಬೇಕಾಗುವುದಿಲ್ಲ. ನೀರಿನ ಮಟ್ಟ ದಿನವೂ ಏರಿಳಿಯುವುದರಿಂದ ಹಳೆಯ ಸೇತುವೆಯ ಬುಡಕ್ಕೆ ಅಪಾಯ ಎಂದು ಯುನೆಸ್ಕೊ ಎಚ್ಚರಿಸಿದೆ. ಮೇಲೆ ವಿಶೆಗ್ರಾದ್ ಅಣೆಕಟ್ಟು, ಕೆಳಗೆ ಸರ್ಬಿಯಾದ ಬಾಯಿನಾ ಬಾಶ್ತಾ ಅಣೆಕಟ್ಟಿನ ಹಿನ್ನೀರು, ನಡುವೆ ಸಿನಾನ್ ಕಟ್ಟಿದ ಕಂಬಗಳು.

ಚಳಿಗಾಲದಲ್ಲಿ ನದಿ ತುಂಬ ಕಸ ತೇಲುವ ಚಿತ್ರಗಳು ಇಲ್ಲಿಯವೇ?

ಇಲ್ಲಿಯವೇ. ಮಳೆ ಹೆಚ್ಚಾಗಿ ಹಿಮ ಕರಗಿದಾಗ ಮಾಂಟೆನೆಗ್ರೊ, ಸರ್ಬಿಯಾ ಮತ್ತು ಬೋಸ್ನಿಯಾದ ನದಿ ದಡಗಳಲ್ಲಿ ಸುರಿದ ಕಸವೆಲ್ಲ ಲಿಮ್ ಮತ್ತು ದ್ರೀನಾ ನದಿಗಳ ಮೂಲಕ ಹರಿದು ಬಂದು ವಿಶೆಗ್ರಾದ್ ಅಣೆಕಟ್ಟಿನ ಮುಂದಿನ ತಡೆಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಾಟಲಿ, ಟೈರು, ಫ್ರಿಜ್, ಸತ್ತ ಪ್ರಾಣಿಗಳು. ಕೆಲವು ಚಳಿಗಾಲಗಳಲ್ಲಿ ಸುಮಾರು 10,000 ಘನ ಮೀಟರ್ ಕಸ ಸೇರಿದ್ದುಂಟು. ತಿಂಗಳುಗಟ್ಟಲೆ ಯಂತ್ರಗಳಿಂದ ಎತ್ತಿ ಊರಿನ ತಿಪ್ಪೆಗೆ ಸಾಗಿಸುತ್ತಾರೆ, ಅಲ್ಲಿಂದ ಹೊಗೆ ಮತ್ತು ಕೊಳಚೆ ಊರಿಗೇ ಮರಳುತ್ತದೆ. ಮೂರು ದೇಶಗಳ ಸಚಿವರು ಸಭೆ ಸೇರಿದ್ದಾರೆ, ಒಪ್ಪಂದದ ಮಾತು ಆಡಿದ್ದಾರೆ. ಕಸ ಮಾತ್ರ ಬರುತ್ತಲೇ ಇದೆ.

ಆಂದ್ರಿಚ್‌ಗ್ರಾದ್ ಎಂದರೇನು? ನೋಡಲೇಬೇಕೇ?

ಎರಡು ನದಿಗಳು ಕೂಡುವ ಮೂಲೆಯಲ್ಲಿ ಕಟ್ಟಿದ ಹೊಸ ಕಲ್ಲಿನ ಪಟ್ಟಣ. ಸರಾಯೆವೊದಲ್ಲಿ ಹುಟ್ಟಿದ ಚಿತ್ರ ನಿರ್ದೇಶಕ ಎಮಿರ್ ಕುಸ್ತುರಿತ್ಸಾ ಇದರ ರೂವಾರಿ, ರಿಪಬ್ಲಿಕಾ ಸರ್ಪ್ಸ್ಕಾ ಸರ್ಕಾರ ಪಾಲುದಾರ. 2011ರ ಜೂನ್ 28ರಂದು ಕೆಲಸ ಆರಂಭವಾಗಿ, 2014ರ ಜೂನ್ 28ರಂದು, ಅಂದರೆ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆ ನಡೆದು ಸರಿಯಾಗಿ ನೂರು ವರ್ಷವಾದ ದಿನ ಉದ್ಘಾಟನೆ ಆಯಿತು. ಒಳಗೆ ಸಿನಿಮಾ ಮಂದಿರ, ಆಂದ್ರಿಚ್ ಹೆಸರಿನ ಸಂಸ್ಥೆ, ಕಾಫಿ ಅಂಗಡಿಗಳು, ಆರ್ಥೊಡಾಕ್ಸ್ ಚರ್ಚ್ ಇವೆ.

ಇದರಿಂದ ಪ್ರವಾಸಿಗಳು ಹೆಚ್ಚಿದ್ದಾರೆ. ಸರ್ಬಿಯಾದಿಂದ ಬಸ್ಸುಗಟ್ಟಲೆ ಶಾಲಾ ಮಕ್ಕಳು ಬರುತ್ತಾರೆ, ಹೋಟೆಲಿನವರಿಗೆ, ದೋಣಿಯವರಿಗೆ ಸಂಪಾದನೆಯಾಗಿದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲಸವಿಲ್ಲದ ಊರಿನಲ್ಲಿ ಇಪ್ಪತ್ತು ಜನರಿಗೆ ಸಂಬಳ ಸಿಕ್ಕರೂ ಅದು ದೊಡ್ಡದೇ. ನನ್ನ ಆಕ್ಷೇಪ ಬೇರೆ. ಎಂದೂ ಇರದಿದ್ದ ಒಂದು ಊರನ್ನು ಇಷ್ಟು ಹಣ ಸುರಿದು ಕಟ್ಟುವವರು, ಇದ್ದ ಊರಿನ ಸುಟ್ಟ ಮನೆಗಳ ಮುಂದೆ ಒಂದು ಫಲಕ ಹಾಕಲೂ ಒಪ್ಪುವುದಿಲ್ಲ.

ಸತ್ತವರಿಗೆ ಸ್ಮಾರಕವಿಲ್ಲವೇ?

ಊರಿನ ಮುಸ್ಲಿಂ ಸ್ಮಶಾನವಾದ ಸ್ತ್ರಾಝಿಶ್ತೆಯಲ್ಲಿ ಬದುಕುಳಿದವರೇ ಒಂದು ಸ್ಮಾರಕ ನಿಲ್ಲಿಸಿದರು. ಅದರ ಮೇಲೆ ನರಮೇಧ ಎಂಬ ಅರ್ಥದ ಪದ ಕೆತ್ತಿಸಿದ್ದರು. 2014ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಪುರಸಭೆ ಆ ಪದವನ್ನು ಉಳಿಯಿಂದ ಕೆತ್ತಿ ತೆಗೆಸಿತು. ಹೆಂಗಸರು ಖಾಲಿಯಾದ ಜಾಗದಲ್ಲಿ ಲಿಪ್‌ಸ್ಟಿಕ್‌ನಿಂದ ಅದೇ ಪದವನ್ನು ಮತ್ತೆ ಬರೆದರು. ನ್ಯಾಯಮಂಡಳಿ ನರಮೇಧ ಎಂದು ತೀರ್ಪು ಕೊಟ್ಟದ್ದು ಸ್ರೆಬ್ರೆನಿತ್ಸಾಕ್ಕೆ ಮಾತ್ರ, ವಿಶೆಗ್ರಾದ್ ಮೊಕದ್ದಮೆಯಲ್ಲಿ ಸಾಬೀತಾದದ್ದು ಮಾನವತೆಯ ವಿರುದ್ಧದ ಅಪರಾಧಗಳು, ನಿರ್ಮೂಲನವೂ ಸೇರಿ. ಕಾನೂನಿನ ಈ ಭೇದ ನನಗೆ ಗೊತ್ತು. ಆದರೆ ಗೋರಿಗಳ ನಡುವೆ ನಿಂತ ಕಲ್ಲನ್ನು ಪೊಲೀಸರ ಕಾವಲಿನಲ್ಲಿ ಕೆತ್ತಿಸಿದವರ ಚಿಂತೆ ಕಾನೂನಿನ ನಿಖರತೆಯದ್ದಾಗಿತ್ತು ಎಂದು ನಂಬಲಾರೆ. ಅದೇ ಊರಿನ ಸರ್ಬ್ ಸೈನಿಕ ಸ್ಮಶಾನದಲ್ಲಿ ಅವರ ಪರ ಹೋರಾಡಲು ಬಂದ ರಷ್ಯನ್ ಸ್ವಯಂಸೇವಕರಿಗೆ ಸ್ಮಾರಕವಿದೆ.

ಪಿಯೊನಿರ್ಸ್ಕಾ ಬೀದಿಯ ಸುಟ್ಟ ಮನೆಯನ್ನು ಕೆಡವಲು ಪುರಸಭೆ ಮುಂದಾದಾಗ ಬದುಕುಳಿದವರು ಅದನ್ನು ದುರಸ್ತಿ ಮಾಡಿ ಉಳಿಸಿಕೊಂಡರು. 2010ರಲ್ಲಿ ಬಾಯಿನಾ ಬಾಶ್ತಾ ಅಣೆಕಟ್ಟಿನ ದುರಸ್ತಿಗೆಂದು ಅದರ ಹಿನ್ನೀರಾದ ಪೆರುಚಾತ್ಸ್ ಸರೋವರದ ನೀರು ಇಳಿಸಿದಾಗ ಕೆಸರಿನಲ್ಲಿ ಮೂಳೆಗಳು ಕಂಡವು. ಹುಡುಕಾಟದ ತಂಡಗಳು ನೀರು ಮತ್ತೆ ತುಂಬುವ ಮೊದಲು ಸಿಕ್ಕಷ್ಟನ್ನು ಎತ್ತಿದವು. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಗುರುತು ಪತ್ತೆಯಾದವರನ್ನು ಸ್ತ್ರಾಝಿಶ್ತೆಯಲ್ಲಿ ಹೂಳುತ್ತಾರೆ. ಅಂದು ಸೇತುವೆಯ ಮೇಲಿಂದ 3,000 ಗುಲಾಬಿಗಳನ್ನು ದ್ರೀನಾಗೆ ಬಿಡುತ್ತಾರೆ.

ಇದೇ ನದಿಯ ಗೊರಾಜ್ದೆ ಹೇಗೆ ಚೇತರಿಸಿಕೊಂಡಿತು?

ಒಳ್ಳೆಯ ಪ್ರಶ್ನೆ. ಗೊರಾಜ್ದೆ ಇದೇ ದ್ರೀನಾದ ಮೇಲ್ಹರಿವಿನಲ್ಲಿ ಸುಮಾರು 35–40 ಕಿಲೋಮೀಟರ್ ದೂರದಲ್ಲಿದೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಸರ್ಬ್ ಪಡೆಗಳ ಮುತ್ತಿಗೆಯಲ್ಲಿದ್ದರೂ ಬೀಳಲಿಲ್ಲ. ವಿದ್ಯುತ್ ಕಡಿತವಾದಾಗ ಜನ ಡ್ರಮ್ಮು, ಹಲಗೆ, ಹಳೆಯ ಡೈನಮೊ ಜೋಡಿಸಿ ಸೇತುವೆಗೆ ಕಟ್ಟಿದ ತೇಲುವ ಚಕ್ರಗಳಿಂದ ವಿದ್ಯುತ್ ತೆಗೆದರು. ಯುದ್ಧ ಮುಗಿದ ಮೇಲೆ ಊರು ಬೋಸ್ನಿಯಾಕ್–ಕ್ರೊಯೇಟ್ ಒಕ್ಕೂಟದ ಭಾಗವಾಯಿತು. ಅಲ್ಲಿಯೂ ಜನ ಬಹಳ ಕಡಿಮೆಯಾಗಿದ್ದಾರೆ. ಆದರೆ ಯುದ್ಧಪೂರ್ವದ ಲೋಹ ಮತ್ತು ಮದ್ದುಗುಂಡು ಉದ್ಯಮದಲ್ಲಿ ಪಳಗಿದ ಕೆಲಸಗಾರರು ಊರಿನಲ್ಲೇ ಉಳಿದಿದ್ದರು. ಅವರ ಕೌಶಲದ ಮೇಲೆ ಪ್ಲಾಸ್ಟಿಕ್ ಅಚ್ಚು, ಕಾರಿನ ಬಿಡಿಭಾಗ, ಸೀಟಿನ ಹೊದಿಕೆ ತಯಾರಿಸಿ ಯುರೋಪಿಗೆ ರಫ್ತು ಮಾಡುವ ಕಾರ್ಖಾನೆಗಳು ಬೆಳೆದವು. ಅಕ್ಕಪಕ್ಕದ ಊರುಗಳಿಂದ ಸರ್ಬರೂ ಅಲ್ಲಿಗೆ ಕೆಲಸಕ್ಕೆ ಬರುತ್ತಾರೆ. ನದಿಯೂ ಕಣಿವೆಯೂ ಒಂದೇ ಆದ ಈ ಎರಡು ಊರುಗಳನ್ನು ಹೋಲಿಸಿದರೆ, ಕೆಲಸ ಬಲ್ಲ ಜನ ಉಳಿದದ್ದೇ ದೊಡ್ಡ ವ್ಯತ್ಯಾಸ ಎಂದು ನನಗೆ ಅನ್ನಿಸುತ್ತದೆ.

ವಿಲಿನಾ ವ್ಲಾಸ್ ಹೋಟೆಲಿನಲ್ಲಿ ಉಳಿಯಬಹುದೇ? ಬೆಲೆ ಕಡಿಮೆ ಇದೆ.

ಅದು ಇಂದಿಗೂ ಚಿಕಿತ್ಸಾ ಕೇಂದ್ರವಾಗಿ ನಡೆಯುತ್ತಿದೆ. ಅಲ್ಲಿ ನಡೆದದ್ದನ್ನು ಹೇಳುವ ಒಂದು ಸಾಲೂ ಗೋಡೆಯ ಮೇಲಿಲ್ಲ. ದಯವಿಟ್ಟು ಉಳಿಯಬೇಡಿ. ಊರಿನೊಳಗೆ ಬೇರೆ ವಸತಿಗಳು ಬೇಕಾದಷ್ಟಿವೆ.

ಹೋಗುವುದು ಹೇಗೆ? ಏನೇನು ನೋಡಬೇಕು?

ಬೆಂಗಳೂರಿನಿಂದ ಇಸ್ತಾಂಬುಲ್ ಮೂಲಕ ಸರಾಯೆವೊಗೆ ವಿಮಾನ, ಅಲ್ಲಿಂದ ಬಸ್ಸು ಅಥವಾ ಬಾಡಿಗೆ ಕಾರು. ವೀಸಾ ನಿಯಮವನ್ನು ಹೊರಡುವ ಮೊದಲು ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಹಣ ಬೋಸ್ನಿಯಾದ ಮಾರ್ಕ್, ಒಂದು ಯೂರೊಗೆ 1.95583 ಎಂದು ದರ ನಿಗದಿಯಾಗಿದೆ.

ಸೇತುವೆಯನ್ನು ಬೆಳಗಿನ ಹೊತ್ತು, ಬಸ್ಸುಗಳು ಬರುವ ಮೊದಲು ನೋಡಿ. ಹದಿನಾಲ್ಕನೆಯ ಶತಮಾನದ ದೊಬ್ರುನ್ ಮಠ ಹತ್ತಿರದಲ್ಲೇ ಇದೆ. ದ್ರೀನಾ ಕಮರಿಯಲ್ಲಿ ಪೆರುಚಾತ್ಸ್ ಕಡೆಗೆ ದೋಣಿ ಪ್ರಯಾಣವಿದೆ. ಹಳೆಯ ಕಿರುಹಳಿಯ ಒಂದು ಭಾಗವನ್ನು ಸರ್ಬಿಯಾದ ಮೊಕ್ರಾ ಗೋರಾದಲ್ಲಿ ಪ್ರವಾಸಿ ರೈಲಿಗಾಗಿ ಮತ್ತೆ ಹಾಕಿದ್ದಾರೆ, 2010ರಲ್ಲಿ ಹಳಿ ವಿಶೆಗ್ರಾದ್‌ವರೆಗೂ ಬಂತು. ರೈಲು ಯಾವ ದಿನ ಓಡುತ್ತದೆ ಎಂದು ಮೊದಲೇ ವಿಚಾರಿಸಿ. ಮತ್ತೆ ಕಟ್ಟಿದ ಮಸೀದಿಗಳನ್ನೂ ಸ್ತ್ರಾಝಿಶ್ತೆಯನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಿ, ಪ್ರವಾಸಿ ಮಾರ್ಗದರ್ಶಕರು ಸಾಮಾನ್ಯವಾಗಿ ಅತ್ತ ಕರೆದೊಯ್ಯುವುದಿಲ್ಲ. ಊರಿನವರೊಡನೆ ಯುದ್ಧದ ಮಾತನ್ನು ನೀವಾಗಿ ಎತ್ತಬೇಡಿ. ಅವರಾಗಿ ಹೇಳಿದರೆ ವಾದಿಸದೆ ಕೇಳಿಸಿಕೊಳ್ಳಿ.